ಗೋಡೆಗೂ ತಲೆಗೂ ನಡುವೆ

ಇವತ್ತು ಬೆಳಿಗ್ಗೆ ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಗೃಹಪ್ರವೇಶವಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಅಡುಗೆಯವರು ಒಲೆ ಹಚ್ಚಿದ್ದರು. ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದ ಹೆಸರುಕಾಳಿನ ಹಿಟ್ಟು ಕಾದ ಹೆಂಚಿಗೆ ಬಿದ್ದ ವಾಸನೆ ಮೂರನೆಯ ಮಹಡಿಯ ನನ್ನ ಅಡುಗೆಮನೆಯವರೆಗೆ ಬಂತು. ನಾನು ಹಾಲು ಕಾಯಿಸುತ್ತಿದ್ದೆ. ಒಲೆ ಸಣ್ಣ ಮಾಡುವುದನ್ನೂ ಮರೆತು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಹಿಮ್ಮಡಿ ಗೋಡೆಯಿಂದ ಒಂದು ಅಂಗೈ ಮುಂದೆ, ಗದ್ದ ಒಳಗೆ, ಕಣ್ಣು ಎದುರಿನ ಕಿಟಕಿಯ ಸರಳಿನ ಮೇಲೆ. ಹಾಲು ಉಕ್ಕಿತು. ಕೆಳಗಿನವರು ಶಾಸ್ತ್ರಕ್ಕೆಂದು ಉಕ್ಕಿಸಿದರು, ನನ್ನದು ಸುಮ್ಮನೆ ಉಕ್ಕಿತು.

ಅದು ವಿಜಯವಾಡದ ವಾಸನೆ. ಅಲ್ಲಿ ಕಳೆದದ್ದು ಸಂಕ್ರಾಂತಿಯಿಂದ ಬೇಸಿಗೆ ರಜೆಯವರೆಗಿನ ಕೆಲವು ತಿಂಗಳು ಮಾತ್ರ. ಆದರೂ ನಾನು ಇಲ್ಲಿ ವಿಶಾಖಪಟ್ಟಣದಲ್ಲಿ ಕಳೆದ ಅಷ್ಟೂ ವರ್ಷಗಳಿಗಿಂತ ಆ ತಿಂಗಳುಗಳೇ ಸ್ಪಷ್ಟವಾಗಿ ನೆನಪಿಗೆ ಬರುತ್ತವೆ.

ನಾನು ಗದಗಿನ ಕಡೆಯವಳು. ನರ್ಸಿಂಗ್ ಮುಗಿಸಿ ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಗೆ ಬಂದೆ, ಇಲ್ಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ಎಂವಿಪಿ ಕಾಲೋನಿಯಲ್ಲಿ ಎರಡು ಕೋಣೆಯ ಈ ಮನೆ ಕೊಂಡುಕೊಂಡೆ. ಐದಕ್ಕೆ ಏಳುವುದು, ಹಾಸಿಗೆಯ ಮೂಲೆ ಮಡಿಸುವುದು, ಏಳಕ್ಕೆ ತಿಂಡಿ, ಊಟವಾದ ಕೂಡಲೇ ತಟ್ಟೆ ತೊಳೆದು ಮಗುಚುವುದು. ನಿವೃತ್ತಿಯ ನಂತರವೂ ಇದರಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಬೆನ್ನು. ರವಿಕೆಯ ಹಿಂಭಾಗ ಗಿಡ್ಡವಾಗುತ್ತಿದೆ ಎಂದು ದರ್ಜಿಯ ಮೇಲೆ ರೇಗಾಡಿದ್ದೆ. ಬಟ್ಟೆ ಗಿಡ್ಡವಾಗಿರಲಿಲ್ಲ, ನನಗೇ ಗೂನು ಬರುತ್ತಿತ್ತು.

ಆ ವರ್ಷ ಹೊಸ ಕ್ಯಾಲೆಂಡರ್ ಮೊಳೆಗೆ ಹಾಕಲು ಕೈ ಮೇಲೆತ್ತಿ, ಮುಖವನ್ನೂ ಮೇಲೆತ್ತಿದೆ. ಅಷ್ಟೇ. ಮೇಜಿಗೂ ಗೋಡೆಗೂ ನಡುವೆ ಹಿಂದಕ್ಕೆ ಬಿದ್ದೆ. ಮೊಣಕಾಲು ಮಡಿಸಲು ಜಾಗವಿರಲಿಲ್ಲ, ಕೈ ಊರಲು ಬಲವಿರಲಿಲ್ಲ. ಕೆಲಸದವಳು ತನ್ನ ಹೊತ್ತಿಗೆ ಬಂದು ಬಾಗಿಲು ತೆಗೆಯುವವರೆಗೆ ಮೇಜಿನ ಅಡಿಭಾಗವನ್ನು ನೋಡುತ್ತ ಮಲಗಿದ್ದೆ. ಅಲ್ಲಿ ಜೇಡರ ಬಲೆ ಇದೆಯೆಂದು ಆವತ್ತೇ ಗೊತ್ತಾದದ್ದು.

ಹೊಸದಾಗಿ ಏನೂ ಮುರಿದಿರಲಿಲ್ಲ. ಆದರೆ ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮಣಿಗಳು ಯಾವಾಗಲೋ ಮುಂಬದಿಗೆ ಕುಸಿದಿರುವುದು ಕಂಡಿತು. ಇಂಥ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ಎಷ್ಟೋ ಜನರ ಮನೆಯವರಿಗೆ ವಿವರಿಸಿದವಳು ನಾನು. ಆವತ್ತು ನನ್ನದನ್ನು ವಿವರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸಂಜೆ ನನ್ನ ಅಣ್ಣನ ಮಗಳು ರೇಖಾ ವಿಜಯವಾಡದಿಂದ ರೈಲಿನಲ್ಲಿ ಬಂದಳು.

"ಅತ್ತಿ, ಒಬ್ಬಾಕಿ ಹೆಂಗ ಇರ್ತೀರಿ ಇಲ್ಲಿ? ಬಿದ್ರ ಯಾರು ಎತ್ತವರು?"

"ಈಗ ಎದ್ದೇನಲ್ಲ."

"ನೀವೆಲ್ಲಿ ಎದ್ದೀರಿ? ಕೆಲಸದಾಕಿ ಎಬ್ಬಿಸ್ಯಾಳ."

ಸಾಮಾನು ಕಟ್ಟಿದೆ. ಎರಡು ಸೀರೆಪೆಟ್ಟಿಗೆ, ಔಷಧಿ ಡಬ್ಬಿ, ನನ್ನದೇ ಒಂದು ತಲೆದಿಂಬು. ಬೀಗ ನಾನೇ ಹಾಕಿದೆ. ಕೀಲಿಕೈ ರೇಖಾ ತನ್ನ ಚೀಲಕ್ಕೆ ಹಾಕಿಕೊಂಡಳು.

ರೇಖಾಳ ಗಂಡ ಇಬ್ರಾಹಿಂಪಟ್ನಂ ಬಳಿಯ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್, ತೆಲುಗಿನವರು, ಒಳ್ಳೆಯ ಮನುಷ್ಯ. ನನಗೆ ಕಿಟಕಿ ಇರುವ ಕೋಣೆಯನ್ನೇ ಬಿಟ್ಟುಕೊಟ್ಟರು. ಕಿಟಕಿಯಲ್ಲಿ ದೊಡ್ಡ ಚಿಮಣಿಗಳು ಕಾಣುತ್ತಿದ್ದವು. ರೇಖಾಳ ಮಗಳು, ನನ್ನ ಮೊಮ್ಮಗಳು, "ಅಮ್ಮಮ್ಮಾ" ಎಂದು ಕರೆದು ನೀರು ತಂದಿಟ್ಟು ಓಡುತ್ತಿದ್ದಳು. ಬಾಗಬೇಡಿ, ಎತ್ತಬೇಡಿ, ಸ್ನಾನದ ಮನೆಯ ಚಿಲಕ ಹಾಕಬೇಡಿ ಎಂದು ಎಲ್ಲರೂ ಕಾಳಜಿಯಿಂದಲೇ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಅವರ ತೆಲುಗು ಮಾತು ನನಗೆ ಅರ್ಥವಾಗದೆ ಇರಲಿಲ್ಲ. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಆದರೆ ಅದು ನನಗೆ ಕೆಲಸದ ಭಾಷೆ. ಅದರಲ್ಲಿ ಆಜ್ಞೆ ಮಾಡಲು ಬರುತ್ತದೆ, ಹರಟೆ ಹೊಡೆಯಲು ಬರುವುದಿಲ್ಲ. ಬೇರೆಯವರ ವಾರ್ಡಿನಲ್ಲಿ ರೋಗಿಯಾಗಿ ಮಲಗಿದ ಹಾಗಿತ್ತು.

"ನನ್ನ ಮನಿಗೆ ಯಾವಾಗ ಹೋಗಲಿ?" ಎಂದು ವಾರ ಕಳೆಯುವುದರೊಳಗೆ ಕೇಳಿದೆ.

ರೇಖಾ ಬುದ್ಧಿವಂತೆ. ಬೇಡ ಎನ್ನಲಿಲ್ಲ, ಒಂದು ಷರತ್ತು ಹಾಕಿದಳು. ವಿಜಯವಾಡದ ಪಟಮಟ ಬಡಾವಣೆಯ ಒಂದು ಕಲ್ಯಾಣಮಂಟಪದಲ್ಲಿ ಬೆನ್ನು ಬಾಗಿದ ವಯಸ್ಸಾದವರಿಗೆ ವ್ಯಾಯಾಮದ ತರಗತಿ ನಡೆಯುತ್ತಿತ್ತು. ಅವಳು ಪಾಠ ಮಾಡುವ ಕಾಲೇಜಿಗೆ ಹೋಗುವ ದಾರಿಯಲ್ಲೇ ಅದು. ಬೇಸಿಗೆ ರಜೆ ಶುರುವಾಗುವುದರೊಳಗೆ ಅಲ್ಲಿಯ ಫಿಸಿಯೋಥೆರಪಿಸ್ಟ್ "ಒಬ್ಬರೇ ಇರಬಹುದು" ಎಂದರೆ ಮನೆಗೆ ಕಳಿಸುತ್ತಾಳೆ. ಇಲ್ಲದಿದ್ದರೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ನಾನು ಅವಳ ಮನೆಯಲ್ಲೇ ಇರಬೇಕು. ಬಾಡಿಗೆಗೆ ಜನವೂ ಸಿದ್ಧವಿದ್ದರು. ವಿಶಾಖಪಟ್ಟಣದ ಔಷಧ ಕಂಪನಿಗೆ ಕೆಲಸಕ್ಕೆ ಬಂದಿದ್ದ ಹಾಸನದ ಒಬ್ಬ ಹುಡುಗ, ಅವನ ಹೆಂಡತಿ.

ಹೀಗೆ ಮಾಘಮಾಸದ ಚಳಿಯಲ್ಲಿ, ಕೃಷ್ಣಾ ನದಿಯ ಮೇಲಿನ ಮಂಜು ಹರಿಯುವ ಮೊದಲೇ, ರೇಖಾಳ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋಗುವುದು ಶುರುವಾಯಿತು. ದುರ್ಗಮ್ಮನ ಗುಡ್ಡದ ಬುಡದಲ್ಲಿ ಕಾರು ನಿಧಾನವಾದಾಗ ರೇಖಾ ತಲೆಯೆತ್ತಿ ಗೋಪುರಕ್ಕೆ ಕೈಮುಗಿಯುತ್ತಿದ್ದಳು. ನನಗೆ ಗೋಪುರ ಕಾಣುತ್ತಿರಲಿಲ್ಲ. ರಸ್ತೆ ಬದಿಯ ಹೂವಿನ ಬುಟ್ಟಿಗಳಿಗೆ ಕೈಮುಗಿದು ಮುಂದೆ ಹೋಗುತ್ತಿದ್ದೆ.

ತರಗತಿ ನಡೆಯುತ್ತಿದ್ದದ್ದು ಮಂಟಪದ ಊಟದ ಹಾಲಿನಲ್ಲಿ. ಊಟದ ಮೇಜುಗಳನ್ನು ಒಂದು ಕಡೆ ಒತ್ತರಿಸಿ, ಗೋಡೆಯುದ್ದಕ್ಕೂ ನಮ್ಮನ್ನು ಜೋಡಿಜೋಡಿಯಾಗಿ ನಿಲ್ಲಿಸುತ್ತಿದ್ದರು. ಫಿಸಿಯೋಥೆರಪಿಸ್ಟ್ ಲಾವಣ್ಯ ಮೂವತ್ತರ ಆಸುಪಾಸಿನ ಹುಡುಗಿ, ಗಂಟಲು ಮಾತ್ರ ಹೆಡ್‌ಮಾಸ್ಟರರದು. ಕುರ್ಚಿಯ ತುದಿಗೆ ಕೂತು ಹೆಗಲಿನ ಹಿಂದಿನ ಎಲುಬುಗಳನ್ನು, ಅವುಗಳ ನಡುವೆ ಪೆನ್ಸಿಲು ಹಿಡಿಯುವ ಹಾಗೆ, ಹತ್ತಿರ ತರುವುದು. ಕೈ ಊರದೆ ಕುರ್ಚಿಯಿಂದ ಏಳುವುದು. ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ನಿಲ್ಲುವುದು. ಚಾಪೆಗೆ ಇಳಿದು, ಮಗ್ಗುಲಾಗಿ, ಮೊಣಕಾಲ ಮೇಲೆ ಬಂದು ಏಳುವುದು. ನೋಡಿದರೆ ಮಕ್ಕಳಾಟ. ಮಾಡಿದರೆ ಸೆಖೆಯಿಲ್ಲದ ದಿನವೂ ಬೆವರು.

ಅಳತೆ ವಾರಕ್ಕೊಮ್ಮೆ. ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಂತಾಗ ತಲೆಗೂ ಗೋಡೆಗೂ ನಡುವೆ ಉಳಿಯುವ ಸಂದಿಗೆ ಜೊತೆಗಾರರು ಟವೆಲು ಮಡಿಸಿ ಇಡಬೇಕು. ಟವೆಲು ಬೀಳದೆ ನಿಲ್ಲಲು ಎಷ್ಟು ಮಡಿಕೆ ಬೇಕೋ ಅಷ್ಟು ಬಾಗಿದ್ದೇವೆಂದು ಲೆಕ್ಕ. ಲಾವಣ್ಯ ಎಲ್ಲರಿಗೂ ಒಂದೇ ಬಗೆಯ ದಪ್ಪ ಬಿಳಿ ಟವೆಲು ತಂದಿದ್ದಳು, ಜೋಡಿಗೊಂದು. ನಮ್ಮ ಜೋಡಿಯದಕ್ಕೆ ನಾನು ಮೊದಲ ವಾರವೇ ಮೂಲೆಯಲ್ಲಿ ಕೆಂಪು ದಾರದ ಎರಡು ಹೊಲಿಗೆ ಹಾಕಿದೆ. ಆಸ್ಪತ್ರೆಯಲ್ಲಿ ವಾರ್ಡಿನ ಬಟ್ಟೆ ಗುರುತಿಲ್ಲದೆ ಬಿಟ್ಟರೆ ಮರುದಿನ ಪಕ್ಕದ ವಾರ್ಡಿನಲ್ಲಿರುತ್ತದೆ.

ನನ್ನ ಜೊತೆಗಾರ್ತಿ ಸಿಕ್ಕಿದ್ದು ಹೀಗೆ. ಮೊದಲ ದಿನ ಒಂಟಿಯಾಗಿ ಮೂಲೆಯಲ್ಲಿ ನಿಂತು ಕೈಯೆತ್ತಿ ಇಳಿಸುತ್ತ ಬಾಯೊಳಗೇ ಎಣಿಸುತ್ತಿದ್ದೆ. ಪಕ್ಕದಲ್ಲಿ, ನನಗಿಂತ ಹೆಚ್ಚು ಬಾಗಿದ್ದ ಒಬ್ಬರು ತಟ್ಟನೆ ನಿಂತರು.

"ಅಯ್ಯೋ, ಕನ್ನಡದಲ್ಲಿ ಎಣಿಸ್ತಿದ್ದೀರಲ್ರೀ!"

ಅವರು ಸರೋಜಮ್ಮ. ತಿಪಟೂರಿನ ಕಡೆಯವರು. ಗಂಡ ಬ್ಯಾಂಕಿನ ಮ್ಯಾನೇಜರ್ ಆಗಿ ವರ್ಗವಾಗಿ ಬಂದು, ಊರು ಹಿಡಿಸಿ, ಪಟಮಟದಲ್ಲೇ ಮನೆ ಕಟ್ಟಿ, ಅಲ್ಲೇ ತೀರಿಕೊಂಡಿದ್ದರು. ಮಗ, ಸೊಸೆ, ಮೊಮ್ಮಕ್ಕಳ ತುಂಬಿದ ಮನೆ.

"ತುಂಬಿದ ಮನೆ ಸಿಸ್ಟರ್, ಪರ್ವಾಲೇದು, ಎಲ್ಲ ಚೆನ್ನಾಗಿ ನೋಡ್ಕೋತಾರೆ. ಆದ್ರೆ ಮಗನಿಗೆ ಕನ್ನಡದಲ್ಲಿ ಊಟ ಆಯ್ತಾ ಅಂದ್ರೆ ತೆಲುಗಲ್ಲಿ ಆಯ್ತು ಅಂತಾನೆ. ಅಲ್ಲಿಗೆ ಮುಗೀತು. ಜಗಳ ಆಡೋಕೂ ಯಾರೂ ಸಿಗಲ್ಲ."

ಜಗಳಕ್ಕೆ ನಾನು ಸಿಕ್ಕೆ. ಅವರ ತಲೆಯ ಹಿಂದೆ ಟವೆಲು ಇಡುವಾಗ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಗದ್ದ ಒಳಗ ತಗೋರಿ. ಆಮಿ ಹಂಗ ಗೋಣು ಚಾಚಬ್ಯಾಡ್ರಿ. ಉಸಿರು ಯಾಕ ಹಿಡದೀರಿ? ಬಿಡ್ರಿ!"

"ನೀವು ಯಾವ ವಾರ್ಡಲ್ಲಿದ್ರಿ ಸಿಸ್ಟರ್? ಅಲ್ಲಿ ಪೇಷಂಟ್‌ಗಳು ಹೆದರಿಕೊಂಡೇ ವಾಸಿ ಆಗ್ತಿದ್ರು ಅನ್ಸುತ್ತೆ."

"ಮಾತು ಬ್ಯಾಡ. ನೆಟ್ಟಗ ನಿಲ್ರಿ."

ಅವರು ನಗುತ್ತಿದ್ದರು. ನಕ್ಕರೆ ಟವೆಲು ಬೀಳುತ್ತಿತ್ತು. ಮತ್ತೆ ಮೊದಲಿನಿಂದ.

ನನ್ನ ತೊಂದರೆ ಬೇರೆ ಇತ್ತು. ನನಗೆ ನಡೆಯಲು ಬರುವುದಿಲ್ಲ ಎಂದು ಲಾವಣ್ಯ ಕಂಡುಹಿಡಿದಳು. ರಾತ್ರಿ ಪಾಳಿಯಲ್ಲಿ ರೋಗಿಗಳಿಗೆ ಎಚ್ಚರವಾಗದ ಹಾಗೆ ಬೆರಳ ತುದಿಯನ್ನು ಮೊದಲು ಊರಿ, ಸಣ್ಣ ಹೆಜ್ಜೆಯಲ್ಲಿ, ಸದ್ದಿಲ್ಲದೆ ನಡೆಯುವುದನ್ನು ನಮಗೆ ಕಲಿಸಿದ್ದರು. ನಾನು ನನ್ನ ಕೈಕೆಳಗಿನ ಹುಡುಗಿಯರಿಗೂ ಅದನ್ನೇ ಕಲಿಸಿದ್ದೆ. ಬೆನ್ನು ನೆಟ್ಟಗಿದ್ದಾಗ ಅದು ನಡೆಯುತ್ತದೆ. ಬೆನ್ನು ಮುಂದಕ್ಕೆ ಬಾಗಿದ ಮೇಲೂ ಬೆರಳ ಮೇಲೆ ನಡೆದರೆ ಇಡೀ ಮೈಭಾರ ಮುಂದಕ್ಕೇ ಬೀಳುತ್ತದೆ.

"ಮೊದಲು ಹಿಮ್ಮಡಿ. ಚಪ್ಪುಡು ಚೇಯಂಡಿ, ಸಿಸ್ಟರ್ ಗಾರು! ಸದ್ದು ಬರಬೇಕು!" ಎಂದು ಲಾವಣ್ಯ ಹಾಲಿನ ಆ ತುದಿಯಿಂದ ಕೂಗುತ್ತಿದ್ದಳು.

ಸದ್ದು ಮಾಡಲು ನಾಚಿಕೆಯಾಗುತ್ತಿತ್ತು. ರೇಖಾಳ ಮನೆಯಲ್ಲಿ ಅಭ್ಯಾಸ ಮಾಡಿದರೆ ಮೊಮ್ಮಗಳ ಓದಿಗೆ ಅಡ್ಡಿ. ಹಾಗಾಗಿ ಎಲ್ಲರೂ ಮನೆಯಿಂದ ಹೊರಟ ಮೇಲೆ, ತರಗತಿಯಿಲ್ಲದ ದಿನಗಳಲ್ಲಿ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹಿಮ್ಮಡಿ ಊರಿ ಊರಿ ನಡೆಯುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ಲಿಸಿ, ಒಬ್ಬಳೇ ತಟ್ಟೆ ಹಾಕಿಕೊಂಡು ಕೂತರೆ ಮನೆ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

ಮುಹೂರ್ತದ ದಿನಗಳಲ್ಲಿ ಊಟದ ಹಾಲು ನಮಗೆ ಸಿಗುತ್ತಿರಲಿಲ್ಲ. ಮೇಲಿನ ಉಪ್ಪರಿಗೆಗೆ ಹತ್ತುತ್ತಿದ್ದೆವು. ಕೆಳಗೆ ಮದುವೆ, ಮೇಲೆ ನಾವು. ಅಡುಗೆಯವರು ಹೆಸರುಕಾಳಿನ ದೋಸೆಯೊಳಗೆ ಉಪ್ಪಿಟ್ಟು ತುಂಬಿ ಮೇಲೆ ಕಳಿಸುತ್ತಿದ್ದರು. ಒಂದು ದಿನ ಎಲ್ಲರೂ ಪಾದದ ಮುಂದೆ ಪಾದ ಇಟ್ಟು, ಕೈ ಬಿಟ್ಟು, ಉಸಿರು ಕಟ್ಟಿ ನಿಂತಿದ್ದೇವೆ. ಕೆಳಗೆ ಗಟ್ಟಿಮೇಳ ಮೊಳಗಿತು. ಇಡೀ ತರಗತಿಯ ಬಲಗೈ ಅಕ್ಷತೆ ಹಾಕಲು ತಾನಾಗಿ ಮೇಲೆದ್ದಿತು! ಸಾಲಾಗಿ ಒಬ್ಬರ ಮೇಲೊಬ್ಬರು ವಾಲಿದರು. ನಿವೃತ್ತ ತಹಶೀಲ್ದಾರರೊಬ್ಬರು ಕಂಬವನ್ನು ತಬ್ಬಿಕೊಂಡರು. ಲಾವಣ್ಯ ಬೈದಳು, ಆಮೇಲೆ ನಕ್ಕಳು, ಆಮೇಲೆ ಅದನ್ನೇ ವ್ಯಾಯಾಮ ಮಾಡಿದಳು. ಅವತ್ತಿನಿಂದ ಪಾದದ ಮುಂದೆ ಪಾದ ಇಟ್ಟು ನಿಂತು, ಕಾಣದ ವಧೂವರರಿಗೆ ಬರಿಗೈಯಲ್ಲಿ ಅಕ್ಷತೆ ಹಾಕಬೇಕು, ಬೀಳಬಾರದು. ಸರೋಜಮ್ಮ ಒಂದೊಂದು ಸಲ ಹಾಕುವಾಗಲೂ "ದೀರ್ಘಸುಮಂಗಲೀ ಭವ" ಎನ್ನುತ್ತಿದ್ದರು. ನಾನು ಬಾಯಲ್ಲಿ ಎಣಿಸುತ್ತಿದ್ದೆ.

ಯುಗಾದಿಯ ಹೊತ್ತಿಗೆ ಕುರ್ಚಿಯಿಂದ ಕೈ ಊರದೆ ಏಳುತ್ತಿದ್ದೆ. ಚಾಪೆಯಿಂದಲೂ, ಹೆಣಗಾಡಿ, ಏಳುತ್ತಿದ್ದೆ. ಟವೆಲಿನ ಆರು ಮಡಿಕೆ ಐದಾಗಿತ್ತು. ನಾಲ್ಕಾದರೆ ಮನೆಗೆ ಹೋಗಬಹುದೆಂದು ಲಾವಣ್ಯ ಹೇಳಿದ್ದಳು. ಅಲ್ಲಿಗೆ ನಿಂತುಹೋಯಿತು. ವಾರದ ಮೇಲೆ ವಾರ ಸರೋಜಮ್ಮ ಹಿಂದಿನಿಂದ "ಐದು ಸಿಸ್ಟರ್" ಎನ್ನುತ್ತಿದ್ದರು. ಒಮ್ಮೆ "ಐದೂವರೆ" ಎಂದರು.

ಬಿಸಿಲು ಏರಿತು. ಆ ಊರಿನ ಬಿಸಿಲು ಮಾತಿನಲ್ಲಿ ಹೇಳುವಂಥದ್ದಲ್ಲ. ಕಾರಿನ ಬಾಗಿಲಿನ ಹಿಡಿ ಮುಟ್ಟಿದರೆ ಸುಡುತ್ತಿತ್ತು. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮಾಡಿದೆ. ಮೈಗೆ ಹಗುರವೆನಿಸುತ್ತಿತ್ತು. ಒಂದು ಬೆಳಿಗ್ಗೆ ಗುಡ್ಡದ ಗೋಪುರದ ಅರ್ಧ ಭಾಗವೂ ಕಾಣಿಸಿತು. ಆದರೆ ಅಳತೆ ಕದಲಲಿಲ್ಲ. ಮೈಗೆ ಅನಿಸುವುದನ್ನಲ್ಲ, ಥರ್ಮಾಮೀಟರ್ ಹೇಳುವುದನ್ನು ನಂಬಬೇಕೆಂದು ಹೇಳುತ್ತ ಬಂದವಳು ನಾನು. ನಂಬಿದೆ.

ರೇಖಾಳೂ ನಂಬಿದಳು. ರಜೆ ಹತ್ತಿರ ಬಂದಾಗ ಮೆಲ್ಲಗೆ ಹೇಳಿದಳು. "ಅತ್ತಿ, ಮಾಡೋದೆಲ್ಲಾ ಮಾಡೀರಿ. ಅದು ಮುಂದಕ್ಕ ಹೋಗವಲ್ದು. ಆ ಹಾಸನದ ಹುಡುಗ ಒಂದ ಸಮನ ಫೋನ್ ಮಾಡಾಕತ್ಯಾನ. ಬರೋ ಸೋಮವಾರ ಕೀಲಿ ಕೊಡ್ತೀನಿ ಅಂದೀನಿ."

ನಾನು ಆಯ್ತು ಎಂದೆ. ಕೋಣೆಗೆ ಹೋಗಿ ಹಾಸಿಗೆಯ ಮೂಲೆಗಳನ್ನು ಮತ್ತೊಮ್ಮೆ ಮಡಿಸಿದೆ. ನನ್ನ ಮನೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಪಕ್ಕ ಯಾವ ಡಬ್ಬಿ ಇದೆಯೆಂದು ನೆನಪು ಮಾಡಿಕೊಳ್ಳುತ್ತ ಕೂತೆ. ಅವೆಲ್ಲ ಇನ್ನು ಅಟ್ಟ ಸೇರಬೇಕು.

ಆ ಶುಕ್ರವಾರ ಕೊನೆಯ ಅಳತೆ. ಗೋಡೆಗೆ ನಿಂತಿದ್ದೆ. ಸರೋಜಮ್ಮ ಟವೆಲು ಇಟ್ಟು, "ಐದೇ ಸಿಸ್ಟರ್," ಎಂದು ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನುಗಳು ನಿಂತವು, ಹಣೆಯ ಬೆವರು ಕಣ್ಣಿಗೆ ಇಳಿಯಿತು. ನಾನು ತಿರುಗಿ ಅವರ ಕೈಯಿಂದ ಟವೆಲು ತೆಗೆದುಕೊಂಡು ಮುಖ ಒರೆಸಿಕೊಂಡೆ.

ಬಟ್ಟೆ ತೆಳ್ಳಗಿತ್ತು. ಒಗೆದು ಒಗೆದು ಸವೆದ ಟವೆಲು. ಬಣ್ಣ ಅದೇ ಬಿಳಿ, ಅಳತೆ ಅದೇ. ಮೂಲೆ ಹುಡುಕಿದೆ. ನಾಲ್ಕೂ ಮೂಲೆ ಹುಡುಕಿದೆ. ಕೆಂಪು ದಾರ ಇರಲಿಲ್ಲ. ತೆಳುವಾದ ಬಟ್ಟೆಗೆ ಮಡಿಕೆ ಹೆಚ್ಚು ಬೇಕು.

ಸರೋಜಮ್ಮ ತಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಕೆಂಪು ದಾರದ ಟವೆಲು ಅದರೊಳಗಿತ್ತು. ಅವರ ತಲೆಯನ್ನು ನಾನು ಅಳೆಯುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು.

"ಎಂದಿನಿಂದ?" ಎಂದೆ.

"ಹಬ್ಬ ಆದ್ಮೇಲಿಂದ. ಅವತ್ತು ನಿಜವಾಗ್ಲೂ ನಾಲ್ಕೂವರೆಗೆ ಬಂದುಬಿಟ್ಟಿತ್ತು. ಭಯ ಆಯ್ತು."

"ನನ್ನ ಮನಿ ಹೋಗಾಕತ್ತಿತ್ತು, ಸರೋಜಮ್ಮ."

"ಗೊತ್ತು. ಮಗಳ ಥರ ನೋಡ್ಕೋತಾಳಲ್ಲ ರೇಖಾ, ಇಲ್ಲೇ ಇದ್ರೆ ಏನು ಅಂದ್ಕೊಂಡೆ." ಅವರ ಧ್ವನಿ ಸಣ್ಣದಾಯಿತು. "ನೀವು ಹೋದ್ಮೇಲೆ ನನ್ನ ತಲೆ ಹಿಂದೆ ಯಾರು ಟವೆಲ್ ಇಡ್ತಾರೆ?"

"ಲಾವಣ್ಯ ಇಡ್ತಾಳ. ಯಾರಾರ ಇಡ್ತಾರ."

"ಇಡ್ತಾರೆ ಸಿಸ್ಟರ್. ಇಡೋವಾಗ ಬೈಯೋರು ಯಾರು?"

ನಾನು ಸಿಟ್ಟಾಗಬೇಕಿತ್ತು. ವಾರ್ಡಿನಲ್ಲಿ ತಪ್ಪು ಅಳತೆ ಬರೆದ ಹುಡುಗಿಯನ್ನು ನಾನು ಅವತ್ತೇ ಬೇರೆ ಕಡೆ ಹಾಕುತ್ತಿದ್ದೆ. ಆದರೆ ಆವತ್ತು ಸರೋಜಮ್ಮ ತಲೆ ತಗ್ಗಿಸಿದ್ದಾರೋ ಅಥವಾ ಬೆನ್ನೇ ಅಷ್ಟು ಬಾಗಿದೆಯೋ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಬೇಕೆಂದರೆ ನಾನು ಇನ್ನೂ ಕೆಳಗೆ ಬಾಗಬೇಕಿತ್ತು.

ಸವೆದ ಟವೆಲನ್ನು ಮಡಿಸಿ ಅವರ ಚೀಲದೊಳಗೆ ಇಟ್ಟೆ. ನಮ್ಮದನ್ನು ಹೊರಗೆ ತೆಗೆದೆ. ಲಾವಣ್ಯಳನ್ನು ಕರೆದು, "ಮಡಿಕೆ ಸರಿಯಾಗಿ ಬಿದ್ದಿಲ್ಲ, ನೀನೇ ಒಮ್ಮೆ ನೋಡಮ್ಮ" ಎಂದು ತೆಲುಗಿನಲ್ಲಿ ಹೇಳಿದೆ. ಲಾವಣ್ಯ ನೋಡಿದಳು. ನಾಲ್ಕು. ಮತ್ತೆ ನೋಡಿದಳು. ನಾಲ್ಕೇ. ಕುರ್ಚಿಯಿಂದ ಎದ್ದು ತೋರಿಸಿದೆ. ಚಾಪೆಗೆ ಇಳಿದು, ಯಾವುದನ್ನೂ ಹಿಡಿಯದೆ ಎದ್ದೆ. ಹಾಲಿನ ಈ ತುದಿಯಿಂದ ಆ ತುದಿಗೆ ಹಿಮ್ಮಡಿ ಸದ್ದು ಮಾಡುತ್ತ ನಡೆದೆ. ತಹಶೀಲ್ದಾರರು ಚಪ್ಪಾಳೆ ತಟ್ಟಿದರು. ಸರೋಜಮ್ಮ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು, ಕಣ್ಣು ಒರೆಸಿಕೊಳ್ಳಲೂ ನಿಲ್ಲಿಸದೆ.

ರೇಖಾ ಆ ಸಂಜೆಯೇ ಹಾಸನದ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಸೋಮವಾರ ಕೀಲಿಕೈ ನನ್ನ ಅಂಗೈಯಲ್ಲಿತ್ತು. ಹೊರಡುವ ಬೆಳಿಗ್ಗೆ ಪಟಮಟಕ್ಕೆ ಹೋಗಿ ಸರೋಜಮ್ಮನವರ ಗೇಟಿನ ಮುಂದೆ ಕಾರು ನಿಲ್ಲಿಸಲು ಹೇಳಿದೆ. ಸೊಸೆ ಹೊರಗೆ ಬಂದು, ಅತ್ತೆ ಇನ್ನೂ ಮಲಗಿದ್ದಾರೆ ಎಂದು ತೆಲುಗಿನಲ್ಲಿ ಹೇಳಿದಳು. ಸೂರ್ಯ ಹುಟ್ಟುವ ಮೊದಲೇ ಏಳುವ ಹೆಂಗಸು. ನಾನು ಎಬ್ಬಿಸಬೇಡಿ ಎಂದೆ.

ಮನೆಗೆ ಬಂದು ಬಾಗಿಲು ತೆಗೆದೆ. ಒಳಗೆಲ್ಲ ಸಮುದ್ರದ ತೇವ, ಮುಚ್ಚಿಟ್ಟ ಬಟ್ಟೆಯ ವಾಸನೆ. ಕ್ಯಾಲೆಂಡರ್ ನೆಲದ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಕಿಟಕಿ ತೆಗೆದೆ, ಧೂಳು ಹೊಡೆದೆ, ಡಬ್ಬಿಗಳನ್ನು ಇಳಿಸಿ ಒರೆಸಿ ಮತ್ತೆ ಅವವೇ ಜಾಗದಲ್ಲಿಟ್ಟೆ. ಲಾವಣ್ಯ ಹೇಳಿದ ಹಾಗೆ ಹಿಮ್ಮಡಿ ಊರಿ ನಡೆದೆ. ಟಕ್, ಟಕ್ ಎಂದು ಸದ್ದು ಎರಡೂ ಕೋಣೆ ಸುತ್ತಿ ನನ್ನ ಹತ್ತಿರವೇ ಬರುತ್ತಿತ್ತು. ಕೆಲಸ ಮಾಡಿದ ಅಷ್ಟೂ ವರ್ಷ ಯಾರಿಗೂ ಎಚ್ಚರವಾಗದ ಹಾಗೆ ನಡೆದಿದ್ದೆ. ಈಗ ಎಷ್ಟು ಸದ್ದು ಮಾಡಿದರೂ ಎಚ್ಚರಗೊಳ್ಳುವವರು ಯಾರೂ ಇಲ್ಲ.

ವ್ಯಾಯಾಮ ಒಂದು ದಿನವೂ ತಪ್ಪಿಸಿಲ್ಲ. ಆದರೆ ಒಂದು ವಿಷಯ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಸ್ವಂತ ತಲೆಯ ಹಿಂದಿನ ಸಂದಿಯನ್ನು ತಾನೇ ಅಳೆಯಲು ಆಗುವುದಿಲ್ಲ. ಟವೆಲು ಇಡಲು ಕೈ ಹಿಂದಕ್ಕೆ ಒಯ್ದರೆ ಬೆನ್ನು ಬಾಗುತ್ತದೆ, ತಲೆ ಮುಂದೆ ಬರುತ್ತದೆ, ಸಂದಿ ದೊಡ್ಡದಾಗುತ್ತದೆ. ಕೈ ತೆಗೆದರೆ ಟವೆಲು ಬೀಳುತ್ತದೆ. ಹೇಗೆ ಮಾಡಿದರೂ ಸರಿಯಾದ ಅಳತೆ ಸಿಗುವುದಿಲ್ಲ.

ಸರೋಜಮ್ಮ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ. ಅವರು ಈಗ ತರಗತಿಗೆ ಹೋಗುವುದಿಲ್ಲ, ರೈಲಿನಲ್ಲಿ ಕೂರಲಾರರು, ಕಿವಿಯೂ ಮಂದವಾಗಿದೆ. ಆವತ್ತು ಬೆಳಿಗ್ಗೆ ಯಾಕೆ ಎದ್ದು ಬರಲಿಲ್ಲವೆಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ಹೆಚ್ಚು ಮಾತೂ ಇರುವುದಿಲ್ಲ.

"ಗೋಡೆಗೆ ನಿಂತಿದ್ದೀರಾ?"

"ನಿಂತೀನಿ."

"ಎಷ್ಟು ಮಡಿಕೆ ಸಿಸ್ಟರ್?"

ಥರ್ಮಾಮೀಟರ್ ನೋಡದೆ ಒಂದು ಅಂಕಿಯನ್ನೂ ಬರೆಯದವಳು ನಾನು. ಟವೆಲು ಮೇಜಿನ ಮೇಲೆ ಮಡಿಸಿದ ಹಾಗೇ ಇರುತ್ತದೆ.

"ಐದು," ಎನ್ನುತ್ತೇನೆ.

ಆ ಕಡೆಯಿಂದ ತಿಪಟೂರಿನ ಕನ್ನಡದಲ್ಲಿ ಶುರುವಾಗುತ್ತದೆ. "ಐದಾ? ಮತ್ತೆ ಐದಾ? ಏನ್ರೀ ಮಾಡ್ತಿದ್ದೀರಿ ಅಲ್ಲಿ ಕೂತ್ಕೊಂಡು? ಗದ್ದ ಒಳಗೆ ತಗೊಳ್ಳಿ! ನೆಟ್ಟಗೆ ನಿಂತ್ಕೊಳ್ಳಿ! ಉಸಿರು ಬಿಡಿ ಮೊದಲು!" ಅವರು ಬೈದು ಮುಗಿಸುವವರೆಗೆ ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಗೋಡೆ ಬಿಟ್ಟು ಕದಲುವುದಿಲ್ಲ.